ತೆರೆಯ ನೆತ್ತಿಯ ಜಾಗ

ಹೊಳೆ ಕಡಲಿಗೆ ಸೇರುವ ಅಳಿವೆಯ ಪಕ್ಕದಲ್ಲಿ ಒಂದು ಆಶ್ರಮವಿತ್ತು. ಆಶ್ರಮ ಎಂದರೆ ಹೆಂಚಿನ ಎರಡು ಮನೆ, ಒಂದು ಬಾವಿ, ಗೋಡೆಗೆ ಒರಗಿಸಿಟ್ಟ ಉದ್ದುದ್ದ ಹಲಗೆಗಳು, ಅಷ್ಟೆ.

ಅಲ್ಲಿ ಮಂತ್ರ ಹೇಳಿಕೊಡುತ್ತಿರಲಿಲ್ಲ, ಕಣ್ಣು ಮುಚ್ಚಿ ಕೂರಿಸುತ್ತಲೂ ಇರಲಿಲ್ಲ. ಹಲಗೆಯ ಮೇಲೆ ಬೋರಲು ಮಲಗಿ, ಎರಡು ಕೈಯನ್ನೇ ಹುಟ್ಟು ಮಾಡಿಕೊಂಡು ಕಡಲಿಗೆ ಹೋಗಬೇಕು. ತೆರೆ ಏಳುವಾಗ ದಡದ ಕಡೆ ತಿರುಗಿ ಅದರ ಓಟಕ್ಕೆ ಸೇರಿಕೊಳ್ಳಬೇಕು. ಆಮೇಲೆ ಎದ್ದು ನಿಂತು ದಡಕ್ಕೆ ಬರಬೇಕು. ಅದೇ ಅಲ್ಲಿಯ ಸಾಧನೆ. ಹೇಳುವುದಕ್ಕೆ ಬಹಳ ಸುಲಭ.

ಕಲಿಸುವವರು ದೇಯಕ್ಕ. ಒಂದು ಕಾಲಕ್ಕೆ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ತಲೆ ಪೂರ್ತಿ ಬೆಳ್ಳಗಾಗಿತ್ತು, ನಾಲಿಗೆಗೆ ಮಾತ್ರ ವಯಸ್ಸಾಗಿರಲಿಲ್ಲ. ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು.

ಆಶ್ರಮಕ್ಕೆ ನಿಯಮ ಎಂದು ಇದ್ದದ್ದು ಎರಡೇ.

ತೆರೆ ಎಲ್ಲಿ ಮೊದಲು ಒಡೆಯಲು ಶುರುವಾಗುತ್ತದೋ ಆ ಜಾಗಕ್ಕೆ ನೆತ್ತಿ ಎನ್ನುತ್ತಿದ್ದರು. ನೆತ್ತಿಗೆ ಯಾರು ಹತ್ತಿರವೋ ತೆರೆ ಅವರದು, ಉಳಿದವರು ಕೈ ತೆಗೆಯಬೇಕು. ಒಂದೇ ತೆರೆಗೆ ಇಬ್ಬರು ಬಿದ್ದರೆ ಹಲಗೆಗೆ ಹಲಗೆ ಬಡಿದು ತಲೆ ಒಡೆಯುತ್ತದೆ. ಇದು ಒಂದು.

ಇನ್ನೊಂದು, ಮಳೆಗಾಲಕ್ಕೆ ಕಡಲು ಕೆರಳಿ ಎಲ್ಲರಿಗೂ ಮುಚ್ಚುವ ಮೊದಲು, ಯಾರೂ ಹಿಂದಿನಿಂದ ತಳ್ಳದೆ, ಒಂದೇ ಒಂದು ತೆರೆಯನ್ನಾದರೂ ತಾನಾಗಿ ಹಿಡಿದವರು ಆಶ್ರಮದಲ್ಲಿ ಉಳಿಯಬಹುದು. ಹಿಡಿಯದವರು ಚೀಲ ಕಟ್ಟಬೇಕು. ಇದರಲ್ಲಿ ದಯೆ ದಾಕ್ಷಿಣ್ಯ ಇರಲಿಲ್ಲ.

ಗುಣಪಾಲ ಇನ್ನೂ ಒಂದು ತೆರೆಯನ್ನೂ ಹಿಡಿದಿರಲಿಲ್ಲ.

ಅವನು ಪೇಟೆಯಲ್ಲಿ ಒಬ್ಬ ಹಿರಿಯ ವಕೀಲರ ಜೂನಿಯರ್ ಆಗಿದ್ದವನು. ಜೂನಿಯರ್ ಎಂದರೆ ಹಿರಿಯರ ಹಿಂದೆ ಕಡತ ಹೊತ್ತುಕೊಂಡು ನಡೆಯುವುದು, ಅವರು ಕೈ ಚಾಚಿದಾಗ ಸರಿಯಾದ ಕಾಗದವನ್ನು ಕೈಗೆ ಕೊಡುವುದು. ವರ್ಷಗಟ್ಟಲೆ ಹಾಗೆ ನಡೆದ. ನ್ಯಾಯಾಧೀಶರ ಎದುರು ಅವನ ದನಿ ಕೇಳಿಸಿದ್ದು ಸೀನು ಬಂದಾಗ ಮಾತ್ರ. ಒಂದು ದಿನ ಕಡತವನ್ನು ಮೇಜಿನ ಮೇಲಿಟ್ಟು ಹೊರಟು ಬಂದ.

ಹಿರಿಯರು ಒಳ್ಳೆಯವರೇ. ಫೋನು ಮಾಡಿ, “ಬೇಸಿಗೆ ರಜೆ ಮುಗಿದು ಕೋರ್ಟು ತೆರೆಯುವಾಗ ಬಂದುಬಿಡು. ನಿನ್ನ ಜಾಗ ಹಾಗೇ ಉಂಟು” ಎಂದಿದ್ದರು.

ಆ ಜಾಗ ಹಾಗೇ ಇದೆ ಎಂಬುದನ್ನು ನೆನೆದರೆ ಗುಣಪಾಲ ಫೋನನ್ನು ಚೀಲದ ತಳಕ್ಕೆ ತುರುಕುತ್ತಿದ್ದ. ಅವನಿಗೆ ಇಲ್ಲೇ ಇರಬೇಕಿತ್ತು. ಅದಕ್ಕೆ ಒಂದು ತೆರೆ ಬೇಕಿತ್ತು.

ಮೊದಮೊದಲು ದೇಯಕ್ಕ ಎದೆಮಟ್ಟ ನೀರಿನಲ್ಲಿ ನಿಂತು ಅವನ ಹಲಗೆಯ ಬಾಲವನ್ನು ತಳ್ಳಿ ಬಿಡುತ್ತಿದ್ದರು. ಆಗೆಲ್ಲ ಅವನು ನೆಟ್ಟಗೆ ನಿಂತು ದಡಕ್ಕೆ ಬರುತ್ತಿದ್ದ. ತಳ್ಳುವುದು ನಿಂತ ದಿನ ಅವನ ಸವಾರಿಯೂ ನಿಂತಿತು.

“ದೇಯಕ್ಕ, ತೆರೆ ಬರ್ತದೆ, ನನ್ನನ್ನು ಎತ್ತುತ್ತದೆ, ಆಮೇಲೆ ಕೆಳಗಿಂದ ನುಸುಳಿ ಹೋಗ್ತದೆ. ನಾನು ಅಲ್ಲೇ ಉಳೀತೇನೆ. ಯಾಕೆ?”

“ನೀನು ನಿಧಾನ.”

ಮರುದಿನ ಅವನು ಭುಜ ಕಳಚಿ ಬರುವ ಹಾಗೆ ಕೈ ಹಾಕಿದ. ತೆರೆ ಬಂದು ಸೇರುವ ಮೊದಲೇ ತಾನು ಮುಂದೆ ಓಡಿದ. ತೆರೆ ಅವನ ಬೆನ್ನ ಮೇಲೆ ಒಡೆಯಿತು. ನೊರೆಯಲ್ಲಿ ಉರುಳಾಡಿ, ಮೂಗಿಗೂ ಬಾಯಿಗೂ ಮರಳು ತುಂಬಿಕೊಂಡು ಎದ್ದ.

“ನಿನಗೆ ಅವಸರ” ಎಂದರು ದೇಯಕ್ಕ.

“ನಿನ್ನೆ ನಿಧಾನ ಅಂದ್ರಲ್ಲ?”

“ನಿನ್ನೆ ನಿಧಾನವೇ ಇದ್ದಿ.”

“ಹಾಗಾದ್ರೆ ಎಷ್ಟು ಬೇಗ ಕೈ ಹಾಕಬೇಕು?”

“ತೆರೆ ಎಷ್ಟು ಬೇಗ ಬರ್ತದೋ ಅಷ್ಟು.”

ಗುಣಪಾಲ ತಲೆ ಕೆರೆದುಕೊಂಡ. ಒಂದು ಹಿಡಿ ಮರಳು ಉದುರಿತು. ಉತ್ತರ ಮಾತ್ರ ಉದುರಲಿಲ್ಲ.

ಆ ಸಂಜೆ ದೇಯಕ್ಕ ಅವನನ್ನು ಹೊಳೆಯ ಕಡೆ ಕರೆದುಕೊಂಡು ಹೋದರು. ಅಲ್ಲಿ ನೀರು ಸುಮ್ಮನೆ ನಿಂತಿತ್ತು. ಅವನನ್ನು ಹಲಗೆಯ ಮೇಲೆ ಮಲಗಿಸಿ, ತಾವು ಹಿಂದೆ ನಿಂತು ಹಲಗೆಯ ಬಾಲವನ್ನು ಎರಡು ಬೆರಳಲ್ಲಿ ಹಿಡಿದುಕೊಂಡರು.

“ಹೋಗು.”

ಗುಣಪಾಲ ದಬದಬ ಎಂದು ನೀರು ಬಡಿದ. ನೀರು ಆಕಾಶಕ್ಕೆ ಹಾರಿತು, ಹಲಗೆ ಇದ್ದಲ್ಲೇ ಇತ್ತು.

“ನೀರಿಗೆ ಎಂತಕ್ಕೆ ಹೊಡೀತಿ? ಅದು ಎಂತ ಮಾಡಿದೆ ನಿನಗೆ?” ಎಂದರು ದೇಯಕ್ಕ. “ಸದ್ದು ಇಲ್ಲದೆ ಕೈ ಇಳಿಸು. ಮೊಣಕೈವರೆಗೆ ಇಳಿಯಲಿ. ಎದೆ ಹತ್ತಿರ ಹಿಡಿದ ನೀರನ್ನು ಸೊಂಟದವರೆಗೆ ಎಳೆದು ಬಿಡು. ಕತ್ತು ಮೇಲೆ. ಹಲಗೆಯ ಮೂತಿ ನೀರಿನಿಂದ ನಾಲ್ಕು ಬೆರಳು ಮೇಲೆ ಇರಬೇಕು. ಮುಂದೆ ಸರಿದರೆ ಮೂತಿ ಮುಳುಗ್ತದೆ, ಹಿಂದೆ ಸರಿದರೆ ಬಾಲ ಎಳೀತದೆ.”

ಅವನು ಹಾಗೇ ಮಾಡಿದ. ಎರಡು ಬೆರಳು ಸಾಲದೆ ದೇಯಕ್ಕ ಕೈಯಲ್ಲಿ ಹಿಡಿದರು. ಒಂದು ಕೈ ಸಾಲದೆ ಎರಡೂ ಕೈಯಲ್ಲಿ ಹಿಡಿದರು. ಕತ್ತಲಾಗುವ ಹೊತ್ತಿಗೆ ಅವನು ಅವರನ್ನೂ ಎಳೆದುಕೊಂಡೇ ಮುಂದೆ ಹೋಗುತ್ತಿದ್ದ.

“ಕೈ ಸರಿ ಆಯ್ತು” ಎಂದರು ಅವರು, ಸೀರೆಯ ನೀರು ಹಿಂಡುತ್ತ.

ಗುಣಪಾಲನ ಮುಖ ಅರಳಿತು. “ಹಾಗಾದ್ರೆ ನಾಳೆ ತೆರೆ ಸಿಗ್ತದಾ?”

“ಇಲ್ಲ.”

“ಯಾಕೆ?”

“ಕೈ ಸರಿ ಉಂಟು. ಕೂರುವ ಜಾಗ ಸರಿ ಇಲ್ಲ.”

“ಎಲ್ಲಿ ಕೂರಬೇಕು, ಹೇಳಿ.”

ದೇಯಕ್ಕ ದಡದ ಕಡೆ ಕೈ ತೋರಿಸಿದರು. “ಇಗರ್ಜಿಯ ಶಿಲುಬೆ ಕಾಣ್ತದಾ? ಅದರ ಮುಂದೆ ಐಸ್ ಫ್ಯಾಕ್ಟರಿಯ ನೀರಿನ ಟಾಂಕಿ. ಎರಡೂ ಒಂದರ ಹಿಂದೆ ಒಂದು ಬಂದು ನಿಲ್ಲುವ ಗೆರೆಯಲ್ಲಿ ಇವತ್ತು ತೆರೆಗೆ ನೆತ್ತಿ ಇತ್ತು.”

ಇಷ್ಟು ದಿನಕ್ಕೆ ಒಂದು ನೇರ ಮಾತು ಸಿಕ್ಕಿತಲ್ಲ ಎಂದು ಗುಣಪಾಲನಿಗೆ ಕಣ್ಣಲ್ಲಿ ನೀರು ಬರುವಷ್ಟು ಸಮಾಧಾನವಾಯಿತು. ಕಾನೂನಿನ ಕಲಮಿನ ಹಾಗೆ ಅದನ್ನು ಬಾಯಿಪಾಠ ಮಾಡಿದ. ಬೆಳಗಾಗುತ್ತಲೇ ಹೋಗಿ, ಶಿಲುಬೆಗೆ ಟಾಂಕಿಯನ್ನು ಸರಿಯಾಗಿ ಕೂಡಿಸಿ, ಅಲ್ಲಾಡದೆ ಕುಳಿತ.

ತೆರೆಗಳು ಅವನಿಂದ ದೂರ, ಎಡಗಡೆಗೆ ಒಡೆಯುತ್ತಿದ್ದವು. ದೇಯಕ್ಕ ಅಲ್ಲಿ ಒಂದರ ಮೇಲೊಂದು ಹಿಡಿದು ಆರಾಮಾಗಿ ದಡಕ್ಕೆ ಹೋಗಿ ಬರುತ್ತಿದ್ದರು.

ಬಿಸಿಲೇರಿದ ಮೇಲೆ ಗುಣಪಾಲ ದಡಕ್ಕೆ ಬಂದ. “ನೀವು ಹೇಳಿದ ಜಾಗದಲ್ಲೇ ಕೂತಿದ್ದೆ ದೇಯಕ್ಕ.”

“ಅದು ನಿನ್ನೆಯ ಜಾಗ. ಹೊಳೆ ಮರಳು ತಂದು ಹಾಕಿದೆ, ಅಡಿಯ ದಿಬ್ಬ ಸರಿದಿದೆ. ದಿಬ್ಬ ಎಲ್ಲಿಯೋ ನೆತ್ತಿ ಅಲ್ಲಿ.”

“ಹಾಗಾದ್ರೆ ಇವತ್ತಿನ ಜಾಗ ಹೇಳಿ.”

“ಇವತ್ತು ಮುಗೀತಲ್ಲ” ಎಂದು ದೇಯಕ್ಕ ಹಲಗೆ ಎತ್ತಿಕೊಂಡು ಹೊರಟರು.

ಗುಣಪಾಲ ಅವರ ಹಿಂದೆ ಅರ್ಧ ಹೆಜ್ಜೆ ಬಿಟ್ಟು ನಡೆದ. ತನಗೆ ಬುದ್ಧಿ ಕಮ್ಮಿಯೋ, ಇವರಿಗೆ ತನ್ನನ್ನು ಆಟ ಆಡಿಸುವ ಖಯಾಲಿಯೋ ಎಂದು ತಿಳಿಯದೆ ಅವನು ಗೊಂದಲಕ್ಕೆ ಬಿದ್ದಿದ್ದ.

ಅವನ ಜೊತೆಗೇ ಆಶ್ರಮ ಸೇರಿದವಳು ಸೆವ್ರಿನ್. ವಯಸ್ಸಿನಲ್ಲಿ ಅವನಿಗಿಂತ ಚಿಕ್ಕವಳು, ಮಾತಿನಲ್ಲಿ ಯಾರಿಗೂ ಚಿಕ್ಕವಳಲ್ಲ. ಅವಳು ಯಾವತ್ತೋ ತೆರೆ ಹಿಡಿದು ಆಗಿತ್ತು. ಮಳೆಗಾಲದ ಅಡುಗೆಗೆ ಸೌದೆ ಒಟ್ಟುವುದರಲ್ಲಿದ್ದಳು.

“ಗುಣಪಾಲಣ್ಣ, ಮುಖ ಯಾಕೆ ಹಾಗೆ ಮಾಡಿದ್ದೀರಿ?”

“ಅಕ್ಕ ಒಂದು ದಿನ ಹೀಗೆ ಹೇಳ್ತಾರೆ, ಮರುದಿನ ಹಾಗೆ ಹೇಳ್ತಾರೆ. ನಾನು ಯಾವುದನ್ನು ಹಿಡಿಯಲಿ?”

“ತೆರೆಯನ್ನು ಹಿಡೀರಿ” ಎಂದು ಅವಳು ನಕ್ಕಳು.

ಅದೂ ಒಂದು ಉತ್ತರವೇ ಎಂದು ಅವನಿಗೆ ಇನ್ನಷ್ಟು ಬೇಜಾರಾಯಿತು.

ಒಂದು ಮಧ್ಯಾಹ್ನ ದೇಯಕ್ಕ ದಡದಲ್ಲಿ ಅವನನ್ನು ನಿಲ್ಲಿಸಿ, ಟವೆಲ್ಲಿನಿಂದ ತಮ್ಮ ಕಣ್ಣು ಕಟ್ಟಿಕೊಂಡರು.

“ನನಗೆ ಈಗ ಕಾಣುದಿಲ್ಲ. ಆಶ್ರಮಕ್ಕೆ ಕರ್ಕೊಂಡು ಹೋಗು.”

“ಆಯ್ತು” ಎಂದ ಗುಣಪಾಲ. ಇದರಲ್ಲಿ ಏನೋ ಪಾಠ ಇರುತ್ತದೆ ಎಂದು ಅವನಿಗೆ ಗೊತ್ತಿತ್ತು. ತುಂಬ ಹುಷಾರಾಗಿ ಅವರ ಹಿಂದೆ ನಿಂತುಕೊಂಡ.

“ಸ್ವಲ್ಪ ಬಲಕ್ಕೆ, ದೇಯಕ್ಕ. ಹಾಂ, ಈಗ ನೇರ. ಇಲ್ಲಿ ಒಂದು ಹಗ್ಗ ಉಂಟು, ಕಾಲೆತ್ತಿ ಇಡಿ. ಈಗ ಎಡಕ್ಕೆ. ಎಡಕ್ಕೆ, ಎಡಕ್ಕೆ. ಅಯ್ಯೋ, ಅಷ್ಟು ಎಡಕ್ಕಲ್ಲ!”

ದೇಯಕ್ಕ ಅಷ್ಟರಲ್ಲಿ ಒಣಗಲು ಹರಡಿದ್ದ ಮೀನಿನ ಚಾಪೆಯ ನಡುವೆ ನಿಂತಿದ್ದರು. ಚಾಪೆಯ ಒಡತಿ ಬುಟ್ಟಿ ಕೆಳಗಿಟ್ಟು ಬಂದಳು.

“ಕಣ್ಣು ಕಾಣುದಿಲ್ವಾ ನಿಮಗೆ?”

“ಇಲ್ಲ ಮಾರಾಯ್ತಿ. ಕಣ್ಣು ಕಾಣುವವ ನನ್ನ ಹಿಂದೆ ಇದ್ದಾನೆ” ಎಂದರು ದೇಯಕ್ಕ.

ಒಡತಿ ಗುಣಪಾಲನ ಕಡೆ ತಿರುಗಿದಳು. ಅವನ ಹಿರಿಯ ವಕೀಲರೂ ಯಾರಿಗೂ ಅಷ್ಟು ಚೊಕ್ಕವಾಗಿ ಬಯ್ದದ್ದನ್ನು ಅವನು ಕೇಳಿರಲಿಲ್ಲ. ತಲೆ ತಗ್ಗಿಸಿ, ಮೆಟ್ಟಿದ ಮೀನುಗಳನ್ನು ಒಂದೊಂದಾಗಿ ನೆಟ್ಟಗೆ ಮಾಡಿ ಇಟ್ಟ.

ದೇಯಕ್ಕ ಟವೆಲ್ಲು ಬಿಚ್ಚಿದರು. “ನನ್ನ ಕೈ ಹಿಡಿದು ನೀನು ಮುಂದೆ ನಡೀಬಹುದಿತ್ತಲ್ಲ?”

“ನಿಮ್ಮ ಮುಂದೆ ನಡೆಯುವುದು ಹೇಗೆ ದೇಯಕ್ಕ? ನೀವು ಗುರುಗಳಲ್ವಾ?”

“ಹೌದು, ಹೌದು” ಎಂದು ಅವರು ಕಾಲ್ಬೆರಳ ಸಂದಿಯಿಂದ ಒಂದು ಒಣ ಮೀನನ್ನು ಎಳೆದು ತೆಗೆದರು.

ರಾತ್ರಿ ಊಟಕ್ಕೆ ಕೂತಾಗ ಸೆವ್ರಿನ್ ಕೇಳಿದಳು. “ಇವತ್ತಿನ ಪಾಠ ಗೊತ್ತಾಯ್ತಾ?”

“ಗೊತ್ತಾಯ್ತು. ಹೇಳುವುದನ್ನು ಸ್ಪಷ್ಟ ಹೇಳಬೇಕು. ಎಡಕ್ಕೆ ಅಂದರೆ ಎಷ್ಟು ಎಡಕ್ಕೆ ಅಂತ ಹೇಳಬೇಕಿತ್ತು.”

ಸೆವ್ರಿನ್ ಗಂಜಿಯ ಬಟ್ಟಲು ಕೆಳಗಿಟ್ಟು ಅವನನ್ನೇ ನೋಡಿದಳು.

ಅದಾದ ಮೇಲೆ ದೇಯಕ್ಕನಿಗೆ ಪೇಟೆಗೆ ಹೋಗುವ ಕೆಲಸ ಬಂತು. ಗುಣಪಾಲ, ಸೆವ್ರಿನ್ ಇಬ್ಬರೇ ಕಡಲಿಗೆ ಇಳಿದರು. ಕಡಲು ಆ ದಿನ ಮಂಕಾಗಿತ್ತು. ಬಂದ ತೆರೆಗಳೆಲ್ಲ ಹಲಗೆ ಎತ್ತುವಷ್ಟೂ ಇರಲಿಲ್ಲ.

ಸೆವ್ರಿನ್ ಗಮನಿಸಿದಳು. ಗುಣಪಾಲ ಶಿಲುಬೆಯನ್ನೂ ನೋಡಲಿಲ್ಲ, ಟಾಂಕಿಯನ್ನೂ ನೋಡಲಿಲ್ಲ. ನೀರು ಎಲ್ಲಿ ಬಣ್ಣ ಬದಲಿಸುತ್ತದೆ, ಉಬ್ಬು ಎಲ್ಲಿ ಚೂಪಾಗುತ್ತದೆ ಎಂದು ನೋಡಿ, ನಿಧಾನವಾಗಿ ಕೈ ಹಾಕಿ, ಸರಿಯಾಗಿ ದಿಬ್ಬದ ಮೇಲೆ ಹೋಗಿ ಕುಳಿತ. ಹಲಗೆಯ ಮೂತಿ ದಡಕ್ಕೆ ನೇರವಾಗಿತ್ತು.

ಮರುದಿನ ದೇಯಕ್ಕ ನೀರಿಗೆ ಇಳಿದರು. ಗುಣಪಾಲ ದಿಬ್ಬದ ಜಾಗ ಬಿಟ್ಟು ಅವರ ಹಿಂದಕ್ಕೆ, ಇನ್ನೂ ಆಳಕ್ಕೆ ಹೋಗಿ ಕುಳಿತ. ಅಲ್ಲಿ ತೆರೆ ಬರೀ ಉಬ್ಬು. ಅದು ಇನ್ನೂ ಚೂಪಾಗಿಲ್ಲ, ಇಳಿಜಾರಾಗಿಲ್ಲ. ಅವನನ್ನು ಎತ್ತಿ, ಇಳಿಸಿ, ಮುಂದೆ ಹೋಗಿ ದೇಯಕ್ಕನ ಹತ್ತಿರ ಒಡೆಯುತ್ತಿತ್ತು.

ಒಮ್ಮೆ ನೀರಿನ ಸೆಳೆತಕ್ಕೆ ದೇಯಕ್ಕನೇ ಅವನಿಗಿಂತ ಹಿಂದೆ ಬಂದರು. ಆಗ ಗುಣಪಾಲ ಹಲಗೆಯನ್ನು ಓರೆ ಮಾಡಿಕೊಂಡ. ಒಳ್ಳೆಯ ತೆರೆ ಬಂತು. ಓರೆಯಾದ ಹಲಗೆಯನ್ನು ಅದು ಪಕ್ಕಕ್ಕೆ ಉರುಳಿಸಿತು.

ಸೆವ್ರಿನ್ ಅವನ ಹತ್ತಿರ ಬಂದಳು. “ಗುಣಪಾಲಣ್ಣ, ತೆರೆ ಬರುವಾಗ ನೀವು ಹಲಗೆ ಓರೆ ಮಾಡುದು ಯಾಕೆ?”

ಅವನು ಸುತ್ತ ನೋಡಿ, ದನಿ ಇಳಿಸಿ ಹೇಳಿದ. “ದಡಕ್ಕೆ ಮುಖ ಮಾಡಿ ಮಲಗಿದರೆ ಕಾಲು ಅಕ್ಕನ ಕಡೆ ಆಗ್ತದೆ.”

ಸೆವ್ರಿನ್ ನಗು ತಡೆಯಲಾಗದೆ ಹಲಗೆಯಿಂದ ಜಾರಿ ನೀರಿಗೆ ಬಿದ್ದಳು. ಮೇಲೆ ಬಂದು ಉಪ್ಪುನೀರು ಉಗುಳಿ ಮತ್ತೆ ನಕ್ಕಳು.

“ಅದಕ್ಕೆ ಇಷ್ಟು ತಿಂಗಳಾ?”

“ನಗುವ ವಿಷಯ ಅಲ್ಲ” ಎಂದ ಗುಣಪಾಲ. “ನಮ್ಮ ಮನೆಯಲ್ಲಿ ದೊಡ್ಡವರ ಕಡೆ ಕಾಲು ಚಾಚಿ ಮಲಗಿದರೆ ಎಬ್ಬಿಸಿ ತಿರುಗಿಸಿ ಮಲಗಿಸ್ತಿದ್ದರು. ಇವರು ಗುರುಗಳು. ತಳ್ಳುವಾಗ ಅವರೇ ಮಲಗಿಸಿದ್ದು, ಅದು ಬೇರೆ. ಅಂಗಾಲನ್ನು ಅವರ ಮುಖಕ್ಕೆ ಹಿಡಿದು ನಾನು ಎಂತ ವಿದ್ಯೆ ಕಲಿಯುದು?”

ಸೆವ್ರಿನ್ ನಗುವುದನ್ನು ನಿಲ್ಲಿಸಿದಳು. ಅವನ ಮುಖ ನೋಡಿದರೆ ನಗುವ ಹಾಗಿರಲಿಲ್ಲ. “ಹೋಗಿ ಅಕ್ಕನ ಹತ್ತಿರವೇ ಕೇಳಿ. ಅವರು ಪರವಾಗಿಲ್ಲ ಅಂತಾರೆ, ಮುಗೀತು.”

ಹೌದಲ್ಲ ಎನಿಸಿತು ಗುಣಪಾಲನಿಗೆ. ಒಪ್ಪಿಗೆ ಸಿಕ್ಕಿದರೆ ಎಲ್ಲ ಸರಿಹೋಗುತ್ತದೆ. ದೇಯಕ್ಕ ಬಾವಿಕಟ್ಟೆಯಲ್ಲಿ ಸೊಪ್ಪು ತೊಳೆಯುತ್ತಿದ್ದರು. ಅವನು ಹೋಗಿ ಕೈ ಕಟ್ಟಿ ನಿಂತ.

“ದೇಯಕ್ಕ, ಶಿಷ್ಯ ಗುರುವಿನ ಕಡೆ ಕಾಲು ಮಾಡಬಹುದಾ?”

“ಮಾಡಬಾರದು.”

ಗುಣಪಾಲ ಕಡಲಿನ ಕಡೆ ಕೈ ತೋರಿಸಿದ. “ನೀರಿನಲ್ಲಿ?”

“ನೀರಿನಲ್ಲಿ ಗುರು ಬೇರೆಯಾ?”

“ಆದರೆ ನೀವು ಹಿಂದೆ ಇರುವಾಗ ನಾನು ನೆತ್ತಿಯಲ್ಲಿ ಕೂತು ದಡಕ್ಕೆ ತಿರುಗಿದರೆ ಕಾಲು ನಿಮ್ಮ ಕಡೆಗೇ ಆಗ್ತದಲ್ಲ?”

“ಹೌದು, ಆಗ್ತದೆ.”

“ಮಾಡಬಾರದು ಅಂದ್ರಿ.”

“ಅಂದೆ.”

“ಮತ್ತೆ ನಾನು ತೆರೆ ಹಿಡಿಯುದು ಹೇಗೆ?”

“ಅದನ್ನೇ ನಾನೂ ನೋಡ್ತಾ ಇದ್ದೇನೆ” ಎಂದು ದೇಯಕ್ಕ ಸೊಪ್ಪಿನ ಬುಟ್ಟಿಯನ್ನು ಅವನ ಕೈಗೆ ಕೊಟ್ಟರು. “ಇದನ್ನು ಒಳಗೆ ಇಡು.”

ಗುಣಪಾಲ ಬುಟ್ಟಿ ಹಿಡಿದು ಅಂಗಳದಲ್ಲೇ ನಿಂತುಬಿಟ್ಟ. ಹಿಂದೆ ಕೂತರೆ ತೆರೆ ಇಲ್ಲ. ಮುಂದೆ ಕೂತರೆ ಗುರುದ್ರೋಹ. ತೆರೆ ಇಲ್ಲದಿದ್ದರೆ ಆಶ್ರಮ ಇಲ್ಲ. ಗುರುವಿಗೆ ಕಾಲು ತೋರಿಸಿದರೆ ಆಶ್ರಮದಲ್ಲಿ ಇದ್ದು ಏನು ಪ್ರಯೋಜನ? ಬುಟ್ಟಿಯ ನೀರು ಸೋರಿ ಅವನ ಕಾಲು ಒದ್ದೆಯಾಗುತ್ತಿತ್ತು. ಆ ರಾತ್ರಿ ಯಾವ ಕಡೆ ತಲೆ ಹಾಕಿ ಮಲಗಬೇಕು ಎಂಬುದೂ ಅವನಿಗೆ ತಿಳಿಯಲಿಲ್ಲ.

ಕಡಲು ಮುಚ್ಚುವ ಹಿಂದಿನ ದಿನ ಬಂತು.

ಮೀನುಗಾರರು ದೋಣಿಗಳನ್ನು ಮರಳಿನ ಮೇಲೆಳೆದು ತೆಂಗಿನ ಗರಿ ಮುಚ್ಚುತ್ತಿದ್ದರು. ಪಡುವಣದಲ್ಲಿ ಮೋಡ ಕಪ್ಪಾಗಿತ್ತು. ಕಡಲು ಒಳಗಿನಿಂದ ಏಳುತ್ತಿತ್ತು. ಮೂವರೂ ಹಲಗೆ ಹಿಡಿದು ಇಳಿದರು. ಗುಣಪಾಲನ ಚೀಲ ಜಗಲಿಯ ಮೇಲೆ ತಯಾರಾಗಿ ಕುಳಿತಿತ್ತು.

ದೇಯಕ್ಕ ನೇರ ಹೋಗಿ ನೆತ್ತಿಯಲ್ಲಿ ಕುಳಿತರು. ತೆರೆ ಬಂತು, ಹಿಡಿದರು, ಹೋದರು. ವಾಪಸು ಬಂದು ಮತ್ತೆ ಅಲ್ಲೇ ಕುಳಿತರು. ಮತ್ತೆ ಹಿಡಿದರು. ಸೆವ್ರಿನ್‌ಗೆ ಒಂದೆರಡು ಸಿಕ್ಕಿದವು. ಗುಣಪಾಲ ದೇಯಕ್ಕನ ಹಿಂದೆ ತನ್ನ ಮಾಮೂಲಿ ಜಾಗದಲ್ಲಿ ಕುಳಿತು, ಉಬ್ಬಿನ ಮೇಲೆ ಏರುತ್ತ ಇಳಿಯುತ್ತ ಇದ್ದ.

“ಚೀಲ ಕಟ್ಟಿ ಆಯ್ತಾ?” ಎಂದು ಕೇಳಿದರು ದೇಯಕ್ಕ, ತಿರುಗಿ ನೋಡದೆ.

“ಆಯ್ತು.”

“ಬೆಳಗಿನ ಬಸ್ಸಿಗಾ?”

ಗುಣಪಾಲನಿಗೆ ಕೋಪ ಬಂತು. ಯಾವತ್ತೂ ಬಾರದಷ್ಟು ಬಂತು. ಕೋಪಕ್ಕಿಂತ ಹೆಚ್ಚಾಗಿ ಅಳು ಬಂತು.

“ನೆತ್ತಿಯಲ್ಲಿ ಇಡೀ ದಿನ ನೀವೇ ಕೂತರೆ ನಾನು ಎಲ್ಲಿ ಕೂರಲಿ ದೇಯಕ್ಕ? ಹಿಂದೆ ಕೂತರೆ ನಿಧಾನ ಅಂತೀರಿ. ಓಡಿದರೆ ಅವಸರ ಅಂತೀರಿ. ಕಾಲು ಮಾಡಬಾರದು ಅಂತೀರಿ. ಒಪ್ಪಿಗೆಯನ್ನೂ ಕೊಡುದಿಲ್ಲ, ಬಯ್ಯುದೂ ಇಲ್ಲ. ನನಗೆ ಇಲ್ಲಿ ಇರಬೇಕು. ವಾಪಸು ಹೋಗ್ಲಿಕ್ಕೆ ಆಗುದಿಲ್ಲ ನನ್ನ ಹತ್ತಿರ. ಅಲ್ಲಿ ಹೋದರೆ ನಾನು ಸತ್ತ ಹಾಗೆ. ನಿಮಗೆ ಗೊತ್ತಾಗುದಿಲ್ವಾ?”

ಇಷ್ಟು ದೊಡ್ಡ ದನಿ ತನ್ನದೇ ಎಂದು ಅವನಿಗೆ ಆಶ್ಚರ್ಯವಾಯಿತು. ದೂರದಲ್ಲಿ ಸೆವ್ರಿನ್ ಕೈ ಹಾಕುವುದನ್ನು ಬಿಟ್ಟು ಇತ್ತ ನೋಡಿದಳು.

“ಕೇಳಿತು” ಎಂದರು ದೇಯಕ್ಕ. ಅಷ್ಟು ಹೇಳಿ ಒಂದು ತೆರೆ ಹಿಡಿದು ದಡದ ಕಡೆ ಹೋದರು.

ನೆತ್ತಿ ಖಾಲಿಯಾಯಿತು.

ಗುಣಪಾಲ ಕಣ್ಣೊರೆಸಿಕೊಂಡ. ಉಪ್ಪಿನ ಕೈಯಿಂದ ಒರೆಸಿಕೊಂಡದ್ದರಿಂದ ಕಣ್ಣು ಇನ್ನಷ್ಟು ಉರಿಯಿತು. ಮುಂದೆ ಹೋದ. ನೀರಿನ ಬಣ್ಣ ನೋಡಿದ. ದಿಬ್ಬ ನಿನ್ನೆಗಿಂತ ಸ್ವಲ್ಪ ದಡದ ಕಡೆಗೇ ಇತ್ತು. ಅಲ್ಲಿಯವರೆಗೂ ಹೋಗಿ ಕುಳಿತ.

ದೇಯಕ್ಕ ವಾಪಸು ಬಂದರು. ಅವನನ್ನು ಸುತ್ತು ಹಾಕಿ, ಸರಿಯಾಗಿ ಅವನ ಹಿಂದೆ ಬಂದು ಕುಳಿತರು.

ಗುಣಪಾಲನ ಬೆನ್ನು ಬಿಸಿಯಾಯಿತು. ಅಭ್ಯಾಸದಂತೆ ಹಲಗೆಯ ಮೂತಿಯನ್ನು ಓರೆಗೆ ತಿರುಗಿಸಲು ಕೈ ತಾನಾಗಿ ಹೋಯಿತು.

ಆಗ ಕಡಲು ಎದ್ದಿತು. ದೂರದಲ್ಲಿ ಒಂದು ಗೆರೆ ಕಪ್ಪಾಗಿ, ದಪ್ಪವಾಗಿ, ಅವಸರವಿಲ್ಲದೆ ಬರುತ್ತಿತ್ತು. ಆ ದಿನ ಬಂದವುಗಳಲ್ಲಿ ಅದೇ ಚೆಂದದ್ದು. ಅದು ದೇಯಕ್ಕನಿಗೂ ಕಂಡಿತ್ತು. ಅವರು ಆಗಲೇ ದಡಕ್ಕೆ ತಿರುಗಿ, ಬೋರಲು ಮಲಗಿ, ಕೈ ಇಳಿಸಿದ್ದರು. ಅವರ ಮುಖ ಗುಣಪಾಲನ ಹಲಗೆಯ ಬಾಲಕ್ಕೆ ನೇರವಾಗಿತ್ತು.

ಒಂದು ಸಲ ತಿರುಗಿ ಅವರನ್ನು ನೋಡಿದ. ಅವರು ಅವನನ್ನು ನೋಡುತ್ತಿರಲಿಲ್ಲ, ಕತ್ತು ಹಿಂದಕ್ಕೆ ಹೊರಳಿಸಿ ಭುಜದ ಮೇಲಿಂದ ತೆರೆಯನ್ನು ನೋಡುತ್ತಿದ್ದರು.

ಗುಣಪಾಲನೂ ತೆರೆಯನ್ನು ನೋಡಿದ. ಹಲಗೆಯ ಮೂತಿಯನ್ನು ದಡಕ್ಕೆ ನೇರ ಮಾಡಿದ. ಬೋರಲು ಮಲಗಿದ. ಎರಡು ಅಂಗಾಲೂ ಗುರುವಿನ ಮುಖಕ್ಕೆ ನೇರವಾಗಿ ನಿಂತವು. ನಾಚಿಕೆಯಿಂದ ಮೈಯೆಲ್ಲ ಬೆವರಿತು, ನೀರಿನಲ್ಲಿ ಇದ್ದರೂ.

ಕೈ ಇಳಿಸಿದ. ಸದ್ದಿಲ್ಲದೆ, ಮೊಣಕೈವರೆಗೆ. ಮೊದಲು ಮೆಲ್ಲಗೆ, ತೆರೆ ಹತ್ತಿರವಾದ ಹಾಗೆ ಬೇಗ. ಹಲಗೆಯ ಬಾಲ ಮೇಲೆದ್ದಿತು. ಇಷ್ಟು ದಿನ ಅವನು ಕೈ ಬಿಡುತ್ತಿದ್ದದ್ದು ಇಲ್ಲೇ, ಗುರುಗಳು ಹೋಗಲಿ ಎಂದು. ಬಿಡಲಿಲ್ಲ. ಇನ್ನೂ ಎರಡು ಸಲ ಎಳೆದ. ಕಾಲು ಪಟಕ್ಕನೆ ನೀರಿಗೆ ಬಡಿದು ಹಿಂದಕ್ಕೆ ನೀರು ಹಾರಿತು. ಯಾರ ಮುಖಕ್ಕೆ ಹಾರಿತೆಂದು ನೋಡಲು ಪುರುಸೊತ್ತಿರಲಿಲ್ಲ.

ಹಲಗೆ ತಾನಾಗಿ ಜಾರತೊಡಗಿತು.

ಎಳೆಯುವ ಕೆಲಸ ಮುಗಿದಿತ್ತು. ಅಡಿಯಲ್ಲಿ ಬೇರೆಯದೇ ಒಂದು ಸದ್ದು ಕೇಳಿಸಿತು, ಬಟ್ಟೆ ಹರಿದಂಥ ಸದ್ದು. ಅವನು ಎದ್ದು ನಿಂತ. ಬಾಯಿ ತೆರೆದೇ ಇತ್ತು. ಎದುರಿಗೆ ದಡ ಇತ್ತು, ದೋಣಿ ಮುಚ್ಚುತ್ತಿದ್ದ ಜನ ಇದ್ದರು. ಅವನ ಮುಂದೆ ಯಾರ ಬೆನ್ನೂ ಇರಲಿಲ್ಲ.

ಮೊಣಕಾಲುದ್ದ ನೀರಿಗೆ ಬಂದು ಬಿದ್ದ. ಬಿದ್ದಲ್ಲೇ ಕೂತು ನಕ್ಕ, ಆಮೇಲೆ ಅತ್ತ, ಮತ್ತೆ ನಕ್ಕ. ಸೆವ್ರಿನ್ ದೂರದಿಂದ ಎರಡೂ ಕೈ ಎತ್ತಿ ಕೂಗುತ್ತಿದ್ದಳು.

ಆಗ ಅವನಿಗೆ ನೆನಪಾಯಿತು. ತಿರುಗಿ ನೋಡಿದ. ದೇಯಕ್ಕ ತೆರೆಯಿಂದ ಕೈ ತೆಗೆದು, ಹಲಗೆಯ ಮೇಲೆ ಎದ್ದು ಕೂತು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

ಗುಣಪಾಲ ಹಲಗೆಯನ್ನು ಎಳೆದುಕೊಂಡು ಮತ್ತೆ ಕಡಲಿಗೆ ಬಿದ್ದ. ನೊರೆಗಳನ್ನು ದಾಟಿ, ಏದುಸಿರು ಬಿಡುತ್ತ ಹೋದ. ಕ್ಷಮೆ ಕೇಳುವ ಗಡಿಬಿಡಿಯಲ್ಲಿ ಎಲ್ಲಿ ಹೋಗಿ ಕೂರುತ್ತಿದ್ದೇನೆ ಎಂದೂ ನೋಡಲಿಲ್ಲ. ಕೂತದ್ದು ನೆತ್ತಿಯಲ್ಲಿ.

“ದೇಯಕ್ಕ, ತಪ್ಪಾಯ್ತು. ಕಾಲು ನಿಮ್ಮ ಮುಖಕ್ಕೇ ಆಯ್ತು. ನೀರು ಕೂಡ ಹಾರಿತು. ನಿಮ್ಮ ತೆರೆಯನ್ನೂ ನಾನೇ ತಗೊಂಡೆ. ನನಗೆ ಗೊತ್ತಾಗುದಿಲ್ಲ ದೇಯಕ್ಕ, ನಾನು ಮಾಡಿದ್ದು ಸರಿಯಾ? ತಪ್ಪಾ? ನಾಳೆ ನಾನು ಇರುದಾ, ಹೋಗುದಾ?”

ದೇಯಕ್ಕ ಅವನ ಮಾತಿಗೆ ಕಿವಿ ಕೊಟ್ಟ ಹಾಗೆ ಕಾಣಲಿಲ್ಲ. ಪಡುವಣದಲ್ಲಿ ಮತ್ತೊಂದು ಗೆರೆ ಕಪ್ಪಾಗುತ್ತಿತ್ತು, ಅದನ್ನೇ ನೋಡುತ್ತಿದ್ದರು.

“ಇನ್ನೊಂದು ಬರ್ತಾ ಉಂಟು” ಎಂದರು. “ಸ್ವಲ್ಪ ಆಚೆ ಸರಿ ಮಾರಾಯ, ನನಗೂ ಒಂದು ಬೇಕು.”